ಮೆಟ್ಟಿಲು ಒಣಗುವ ತನಕ

ಇಶ್‌ಬೆಲ್ ಗೆಡ್ಡಿಸ್ ಶಾಲೆಯ ಊಟದ ಮನೆಯಲ್ಲಿ ಬಡಿಸುವ ಕೆಲಸ ಮಾಡಿ ನಿವೃತ್ತಳಾದವಳು. ಕ್ಲೈಡ್ ನದಿ ಅಗಲವಾಗಿ ಸಮುದ್ರಕ್ಕೆ ತಿರುಗುವ ಕಡೆ ಇರುವ ನಮ್ಮ ಊರಿನಲ್ಲಿ ಇಪ್ಪತ್ತರಿಂದ ಐವತ್ತರ ಒಳಗಿನ ಯಾರನ್ನು ನಿಲ್ಲಿಸಿ ಕೇಳಿದರೂ, ಅವರ ತಟ್ಟೆಗೆ ಆಕೆ ಒಂದಲ್ಲ ಒಂದು ದಿನ ಬೇಯಿಸಿದ ಆಲೂಗಡ್ಡೆ ಹಾಕಿರುತ್ತಾಳೆ. ಯಾರು ಕ್ಯಾರೆಟ್ಟನ್ನು ಕರವಸ್ತ್ರದಲ್ಲಿ ಸುತ್ತಿ ಜೇಬಿಗೆ ಸೇರಿಸುತ್ತಿದ್ದರು, ಯಾರು ಕಸ್ಟರ್ಡ್‌ಗೆ ಎರಡನೇ ಸಲ ಬಂದು ಇದೇ ಮೊದಲು ಎಂದು ಸುಳ್ಳು ಹೇಳುತ್ತಿದ್ದರು ಎಂಬುದೆಲ್ಲ ಆಕೆಗೆ ಇನ್ನೂ ನೆನಪಿದೆ. ಗಿಡ್ಡ ಆಳು, ಅಗಲ ಭುಜ, ಎಡಮೊಣಕಾಲು ಸ್ವಲ್ಪ ಕೈಕೊಟ್ಟಿದೆ. ದನಿ ಮಾತ್ರ ಇನ್ನೂರು ಮಕ್ಕಳ ಗದ್ದಲದ ಮೇಲೆ ಕೇಳಿಸಿ ಅಭ್ಯಾಸವಾದದ್ದು.

ಲಾಂಗ್‌ರಿಗ್ ರಸ್ತೆಯ ಊರಿನ ಕೌನ್ಸಿಲ್ ಬಾಡಿಗೆಗೆ ಕೊಡುವ ಕಟ್ಟಡಗಳಲ್ಲಿ ನಮ್ಮದು ಕೊನೆಯದು. ಮೂರು ಅಂತಸ್ತು, ಒಂದೊಂದರಲ್ಲೂ ಎದುರುಬದುರು ಎರಡು ಮನೆ, ನಡುವೆ ಎಲ್ಲರಿಗೂ ಸೇರಿದ ಒಂದು ಕಲ್ಲಿನ ಮೆಟ್ಟಿಲು. ಇಶ್‌ಬೆಲ್ ನಡುವಿನ ಅಂತಸ್ತಿನಲ್ಲಿ, ನಮ್ಮ ಬಾಗಿಲ ಎದುರು ಇದ್ದಾಳೆ. ಮದುವೆಯಾಗಿ ಆ ಮನೆಗೆ ಬಂದವಳು ಗಂಡನನ್ನು ಅಲ್ಲಿಂದಲೇ ಮಣ್ಣಿಗೆ ಕಳಿಸಿದಳು. ಬೇರೆ ಕಡೆ ಹೋಗುವ ಮಾತನ್ನು ಯಾವತ್ತೂ ಆಡಿದವಳಲ್ಲ.

ಆ ಮೆಟ್ಟಿಲನ್ನು ತೊಳೆಯುವುದು ನಮ್ಮಲ್ಲಿ ಸರದಿಯ ಕೆಲಸ. ಅದಕ್ಕೊಂದು ದಾರ ಕಟ್ಟಿದ ರಟ್ಟಿನ ಚೀಟಿ ಇದೆ. ‘ಈ ವಾರ ಮೆಟ್ಟಿಲು ತೊಳೆಯುವ ಸರದಿ ನಿಮ್ಮದು’ ಎಂದು ಅದರ ಮೇಲೆ ಅಚ್ಚಾಗಿದೆ. ತೊಳೆದು ಮುಗಿಸಿದವರು ಅದನ್ನು ಮುಂದಿನ ಮನೆಯ ಬಾಗಿಲಿನ ಹಿಡಿಗೆ ನೇತುಹಾಕಿ, ಒಮ್ಮೆ ತಟ್ಟಿ ಹೊರಟುಬಿಡುತ್ತಾರೆ. ಚೀಟಿ ಕೆಳಗಿಂದ ಮನೆಮನೆ ಹತ್ತಿ, ಮೇಲಿನ ಕೊನೆಯ ಮನೆಯಿಂದ ಮತ್ತೆ ಕೆಳಗಿನ ಮೊದಲ ಮನೆಗೆ ಬರುತ್ತದೆ. ಯಾರೂ ಯಾರಿಗೂ ‘ನೀವು ತೊಳೆಯಿರಿ’ ಎಂದು ಬಾಯಿಬಿಟ್ಟು ಹೇಳಬೇಕಾಗಿಲ್ಲ. ಅದು ಇಷ್ಟು ಕಾಲ ನಡೆದುಬಂದಿರುವುದೇ ಅದರಿಂದ. ಇನ್ನೊಂದು ನಿಯಮ ಎಲ್ಲೂ ಅಚ್ಚಾಗಿಲ್ಲ. ಒದ್ದೆ ಮೆಟ್ಟಿಲ ಮೇಲೆ ಯಾರೂ ಕಾಲಿಡುವ ಹಾಗಿಲ್ಲ. ಪಾದ್ರಿಯಾಗಲಿ ಅಂಚೆಯವನಾಗಲಿ, ಒಣಗುವ ತನಕ ಕೆಳಗೆ ನಿಲ್ಲಬೇಕು. ಒಮ್ಮೆ ಇಶ್‌ಬೆಲ್ ಒಬ್ಬ ಡಾಕ್ಟರನ್ನು ಬಾಗಿಲಲ್ಲೇ ತಡೆದು, ರೋಗಿಗೆ ಏನಾಗಿದೆ ಎಂದು ವಿಚಾರಿಸಿ, ಬರೀ ನೆಗಡಿ ಎಂದು ಗೊತ್ತಾದ ಮೇಲೆ ಮೆಟ್ಟಿಲು ಪೂರ್ತಿ ಒಣಗುವ ತನಕ ನಿಲ್ಲಿಸಿಕೊಂಡದ್ದನ್ನು ನಾನೇ ನೋಡಿದ್ದೇನೆ.

ಮೇಲಿನ ಅಂತಸ್ತಿನ ಕೊನೆಯ ಮನೆ ಆರ್ಚಿ ಟಲ್ಲಕ್‌ನದು. ಹಡಗುಕಟ್ಟೆಯಲ್ಲಿ ಬಣ್ಣ ಬಳಿಯುತ್ತಿದ್ದವನು. ಕಟ್ಟೆ ಮುಚ್ಚಿದ ಮೇಲೆ ಅವನಿಗೆ ಬೇರೆ ಕೆಲಸ ಹತ್ತಲಿಲ್ಲ. ಹೇಳಿದ್ದನ್ನು ನಂಬುವ, ಕೇಳಿದ್ದನ್ನು ಕೊಟ್ಟುಬಿಡುವ ಸ್ವಭಾವ. ಬ್ಯಾಂಕು, ಡಾಕ್ಟರು, ಬಂದವರಿಗೆ ಉತ್ತರ ಕೊಡುವುದು ಎಲ್ಲವನ್ನೂ ಅವನ ತಾಯಿಯೇ ನೋಡಿಕೊಳ್ಳುತ್ತಿದ್ದಳು. ಆಕೆ ತೀರಿಕೊಂಡ ಮೇಲೆ ಐವತ್ತು ದಾಟಿದ ಗಂಡಸು ಒಬ್ಬನೇ ಉಳಿದ. ಮೆಟ್ಟಿಲು ತೊಳೆಯುವುದರಲ್ಲಿ ಮಾತ್ರ ಅವನಿಗೆ ಸರಿಸಾಟಿ ಇರಲಿಲ್ಲ. ತೊಳೆದ ಮೇಲೆ ಪ್ರತಿ ಮೆಟ್ಟಿಲಿನ ಎರಡೂ ಅಂಚಿಗೆ ಬಿಳಿ ಮಣ್ಣಿನ ಕಡ್ಡಿಯಿಂದ ಗೆರೆ ಎಳೆಯುವುದು ಹಿಂದೆ ಊರಿನ ತಾಯಂದಿರ ಪದ್ಧತಿಯಾಗಿತ್ತು. ಈಗ ಅದನ್ನು ಮಾಡುತ್ತಿದ್ದವನು ಆರ್ಚಿ ಒಬ್ಬನೇ. ತಾಯಿ ಬಿಟ್ಟುಹೋದ ಡಬ್ಬಿಯಲ್ಲಿ ಕಡ್ಡಿಗಳಿನ್ನೂ ಇದ್ದವು. ಅವನ ಸರದಿಯ ವಾರ ಮೆಟ್ಟಿಲು ಅಂಚು ಕಟ್ಟಿದ ಬಟ್ಟೆಯ ಹಾಗೆ ಕಾಣುತ್ತಿತ್ತು.

ಎಲೆ ಉದುರುವ ಕಾಲಕ್ಕೆ ಅವನ ಮನೆಗೆ ಹೊಸ ಸ್ನೇಹಿತರು ಬಂದರು. ಮೊದಲು ಬ್ರಾಡಿ ಎಂಬ ಒಬ್ಬ, ಆಮೇಲೆ ಅವನ ಜೊತೆ ಇನ್ನಿಬ್ಬರು. ಮೂವರೂ ಹೊರಗಿನವರು, ಒಳ್ಳೆಯ ಜಾಕೆಟ್ಟು, ಹೊಸ ಬೂಟು. ಅವರ ಹಿಂದೆ ಅವರು ಮಾರುವ ಮಾದಕ ಮಾಲು ಕೊಳ್ಳುವವರು ಬರತೊಡಗಿದರು. ಕೆಳಬಾಗಿಲಿನ ಬೀಗ ಮುರಿಯಿತು. ರಾತ್ರಿಯಿಡೀ ಬಾಗಿಲು ಬಡಿತ, ಕಿರುಚಾಟ. ಬೆಳಗ್ಗೆ ಮೆಟ್ಟಿಲ ತಿರುವಿನಲ್ಲಿ ಉಚ್ಚೆ, ಸುಟ್ಟ ತಗಡಿನ ಹಾಳೆ. ಆರ್ಚಿಯ ಎದುರು ಮನೆಯ ಅಡಾ ವೃದ್ಧರ ಆರೈಕೆ ಮನೆಯಲ್ಲಿ ಪಾಳಿ ಕೆಲಸ ಮಾಡುವವಳು. ನಿದ್ದೆ ಇಲ್ಲದೆ ಅವಳ ಮುಖ ಊದಿಕೊಂಡಿತು. ಕೆಳಗಿನ ಮನೆಯ ನೆಟ್ಟಾ ಕರನ್‌ಳ ಪುಟ್ಟ ಮೊಮ್ಮಗಳು ಒಂದು ದಿನ ಮೆಟ್ಟಿಲಿನಿಂದ ಬಳಸಿ ಎಸೆದ ಸೂಜಿಯನ್ನು ಎತ್ತಿಕೊಂಡು ಒಳಗೆ ತಂದಳು. ಚುಚ್ಚಿರಲಿಲ್ಲ. ಆದರೆ ಅಂದಿನಿಂದ ನೆಟ್ಟಾಳ ಮಗಳು ಮಗುವನ್ನು ಅಜ್ಜಿಯ ಮನೆಗೆ ಕಳಿಸುವುದನ್ನೇ ನಿಲ್ಲಿಸಿದಳು.

ನಾವೆಲ್ಲ ಇಶ್‌ಬೆಲ್‌ಳ ಮನೆಯಲ್ಲಿ ಸೇರಿದೆವು. ದೂರು ಕೊಡಬೇಕೆಂದು ಹೇಳಿದವಳೂ ಆಕೆ, ಮೊದಲ ಸಹಿ ಹಾಕಿದವಳೂ ಆಕೆ. ಕೌನ್ಸಿಲ್‌ನಿಂದ ಬಂದ ಅಧಿಕಾರಿ ನಿವನ್, ಮನೆಗೆ ಬರುವವರ ನಡತೆಗೆ ಬಾಡಿಗೆದಾರನೇ ಹೊಣೆ, ಆದ್ದರಿಂದ ದೂರು ಬಾಡಿಗೆದಾರನ ಹೆಸರಿಗೇ ಇರಬೇಕು ಎಂದ. ಹಾಗೆ ಅದು ಆರ್ಚಿ ಟಲ್ಲಕ್‌ನ ಹೆಸರಿಗೆ ಹೋಯಿತು. ಮನೆ ಖಾಲಿ ಮಾಡಿಸಲು ನೋಟಿಸ್ ಬಂತು. ಈಸ್ಟರ್ ಕಳೆದ ಮೇಲೆ ಕೋರ್ಟಿನಲ್ಲಿ ವಿಚಾರಣೆ ಎಂದಾಯಿತು.

ಅದೇ ಸಮಯಕ್ಕೆ ನೆಟ್ಟಾ ಚೀಟಿಯ ಮಾತು ತೆಗೆದಳು. “ಅವನ ಬಾಗಿಲಿಗೆ ಹಾಕ್ಬೇಡ ಕಣೇ ಅಡಾ, ಸೀದಾ ನಂಗೇ ತಂದ್ಕೊಡು. ಊರೋರ ಕೈಲೆಲ್ಲ ಇಲ್ಲಿ ಉಚ್ಚೆ ಹೊಯ್ಯಿಸ್ತಾನೆ, ತೊಳೆಯೋ ನಾಟಕ ಬೇರೆ ಬೇಕಾ ಅವನಿಗೆ?” ನಮ್ಮ ಮೆಟ್ಟಿಲಿನ ಇತಿಹಾಸದಲ್ಲಿ ಹಾಗೆ ಯಾರ ಮನೆಯನ್ನೂ ದಾಟಿದ್ದಿಲ್ಲ. ಸರದಿ ತಪ್ಪಿಸಿದವರನ್ನು ಬೈದದ್ದುಂಟು, ತೊಳೆದ ಕೊಳೆನೀರನ್ನು ಅವರ ಬಾಗಿಲಿಗೇ ಚೆಲ್ಲಿದ್ದುಂಟು. ಸರದಿಯನ್ನೇ ಕಿತ್ತುಕೊಳ್ಳುವುದೆಂದರೆ, ನೀನು ಇಲ್ಲಿಯವನಲ್ಲ ಎಂದ ಹಾಗೆ. ಇಶ್‌ಬೆಲ್ ಆ ದಿನ ಆಗಲಿ ಎಂದು ತಲೆಯಾಡಿಸಿದಳು. ನಾವೂ ಆಡಿಸಿದೆವು.

ಫೆಬ್ರವರಿಯ ಒಂದು ಬೆಳಗ್ಗೆ ಆಕೆ ಅಡಾಳಿಗೆ ಬಂದಿದ್ದ ಪೊಟ್ಟಣವನ್ನು ಕೊಡಲು ಮೇಲೆ ಹತ್ತಿದಳು. ಕೊನೆಯ ಸಾಲಿನ ಮೆಟ್ಟಿಲುಗಳು ಒದ್ದೆಯಾಗಿದ್ದವು. ಅಭ್ಯಾಸದಿಂದ ಅಲ್ಲೇ ನಿಂತು ಮೇಲಕ್ಕೆ ನೋಡಿದಳು. ಮೇಲಿನ ಕೆಲವು ಮೆಟ್ಟಿಲುಗಳಿಗೆ ಬಿಳಿ ಗೆರೆ ನೇರವಾಗಿ ಬಂದಿತ್ತು. ಒಂದು ಮೆಟ್ಟಿಲಿನ ನಡುವೆ ಅದು ಥಟ್ಟನೆ ಗೋಡೆಯ ಕಡೆಗೆ ಜಾರಿ, ಗೋಡೆಯ ಮೇಲೆ ಉದ್ದಕ್ಕೆ ಗೀಚಿಕೊಂಡು ನಿಂತಿತ್ತು. ಕಡ್ಡಿ ಎರಡು ತುಂಡಾಗಿ ಬಿದ್ದಿತ್ತು. ಬಕೆಟ್ ಮಗುಚಿತ್ತು. ಆರ್ಚಿಯ ಬಾಗಿಲು ಮುಚ್ಚಿತ್ತು.

ಇಶ್‌ಬೆಲ್ ಆಮೇಲೆ ನಮ್ಮ ಅಡುಗೆಮನೆಯಲ್ಲಿ ಕುಳಿತು ಹೇಳಿದ್ದು ಇಷ್ಟು. ಚೀಟಿ ಇಲ್ಲದೆ ತೊಳೆಯಲು ಬಂದವನಿಗೆ ಮೆಟ್ಟಿಲು ಗಲೀಜಾಗಿರುವುದು ಬೇಕಿಲ್ಲ. ಗೆರೆ ಎಳೆಯುತ್ತಿದ್ದವನು ತಾನಾಗಿಯೇ ನಿಲ್ಲಿಸಿದ್ದರೆ ಗೆರೆ ಮೆಟ್ಟಿಲಿನ ಕೊನೆಗೆ ನಿಲ್ಲುತ್ತಿತ್ತು. ಯಾರೋ ಅವನನ್ನು ಹಿಂದಿನಿಂದ ಎಳೆದಿದ್ದಾರೆ. ಹಾಗಿದ್ದರೆ ಆ ಮನೆಯಲ್ಲಿ ಹೇಳಿದಂತೆ ಕೇಳಬೇಕಾದವನು ಅವನೇ, ನಡೆಸುವವನಲ್ಲ.

ಇದನ್ನು ಖಚಿತ ಮಾಡಿಕೊಳ್ಳದೆ ಬಾಯಿಬಿಡುವವಳಲ್ಲ ಇಶ್‌ಬೆಲ್. ಕಟ್ಟಡದ ಹಿಂದೆ ಬಟ್ಟೆ ಒಣಹಾಕುವ ಹುಲ್ಲಿನ ಜಾಗವಿದೆ, ಅದರ ಪಕ್ಕದಲ್ಲೇ ಕಸದ ತೊಟ್ಟಿಗಳು. ಕಸ ಒಯ್ಯುವ ಗಾಡಿ ಬರುವ ದಿನ ಆಕೆ ಮನೆಯಲ್ಲಿದ್ದ ಹಾಸಿಗೆಯ ಹೊದಿಕೆಗಳನ್ನೆಲ್ಲ ತೊಳೆದು ಹಗ್ಗಕ್ಕೆ ಹಾಕುತ್ತ ನಿಂತಳು. ಆರ್ಚಿ ಕಸದ ಚೀಲ ಹಿಡಿದು ಬಂದ, ಆ ಚಳಿಯಲ್ಲಿ ಕಾಲಿಗೆ ಮನೆಯೊಳಗಿನ ಚಪ್ಪಲಿ. ಹಿಂಬಾಗಿಲಲ್ಲಿ ಬ್ರಾಡಿಯ ಜೊತೆಗಾರನೊಬ್ಬ ಫೋನ್ ನೋಡುತ್ತ ಕಾವಲು ನಿಂತಿದ್ದ. ಇಶ್‌ಬೆಲ್ ಒದ್ದೆ ಹೊದಿಕೆಯೊಂದನ್ನು ಅಗಲಕ್ಕೆ ಹರಡಿ, ಅದರ ಮರೆಗೆ ಆರ್ಚಿಯನ್ನು ಕೈಹಿಡಿದು ಎಳೆದುಕೊಂಡಳು. ಅವನು ಮೊದಲು ಕೇಳಿದ ಮಾತು ಆಕೆ ಎಣಿಸಿದ್ದಲ್ಲ.

“ಇಶ್‌ಬೆಲ್, ನನ್ನ ಸರದಿ ಯಾವಾಗ? ಚೀಟಿ ಬರ್ಲೇ ಇಲ್ಲ. ಹೋದ ಸಲ ಸರಿಯಾಗಿ ತೊಳೀಲಿಲ್ವಾ ನಾನು?”

ಆ ಮೂವರನ್ನು ಹೊರಗೆ ಹೋಗಿ ಎನ್ನಬಾರದೇ ಎಂದು ಆಕೆ ಕೇಳಿದಳು. ಅಂದೆ ಎಂದ ಆರ್ಚಿ. ಅಂದದ್ದಕ್ಕೆ ಏನಾಯಿತು ಎಂಬುದು ಅವನ ಕಿವಿಯ ಹಿಂದೆ ನೀಲಿಗಟ್ಟಿ ಕಾಣುತ್ತಿತ್ತು. ತಾಯಿಯ ಕೋಣೆ ಈಗ ಅವರದು, ತಾನು ಸ್ನಾನದ ತೊಟ್ಟಿಯಲ್ಲಿ ಮಲಗುತ್ತೇನೆ ಎಂದ. ಕೌನ್ಸಿಲ್‌ನವರು ಬಂದಾಗ ಬಾಗಿಲ ಹಿಂದಿನಿಂದ ‘ಇವರು ನನ್ನ ಸ್ನೇಹಿತರು’ ಎಂದು ಹೇಳಿಸಿದ್ದೂ ಅವರೇ.

“ಚೀಟಿ ಇದ್ದಿದ್ರೆ ಆಚೆ ಬರ್ಬೋದಿತ್ತು,” ಎಂದ. “ಚೀಟಿ ಬಂದಿದೆ, ಹೋಗ್ಲೇಬೇಕು ಅನ್ಬೋದಿತ್ತು. ಈಗ ಏನಂತ ಬರ್ಲಿ?”

ಕಾವಲಿದ್ದವನು ಕೂಗಿದ. ಆರ್ಚಿ ಹೋದ. ಇಶ್‌ಬೆಲ್ ಒಣಹಾಕಿದ ಹೊದಿಕೆಗಳನ್ನು ಅಲ್ಲೇ ಬಿಟ್ಟು, ಏಪ್ರನ್ ಮೇಲೆಯೇ ಕೋಟು ಹಾಕಿಕೊಂಡು ಕೌನ್ಸಿಲ್ ಕಚೇರಿಗೆ ನಡೆದಳು.

ನಿವನ್ ಬೇರೆ ಊರಿನವನು, ಆಕೆಯ ಆಲೂಗಡ್ಡೆ ತಿನ್ನದೆ ದೊಡ್ಡವನಾದವನು. ಕೆಟ್ಟವನಲ್ಲ, ಆದರೆ ಅವನ ಕೈಯಲ್ಲಿ ಇಂಥ ಮನೆಗಳು ಬಹಳ ಇದ್ದವು. ವಿಚಾರಣೆ ಗೊತ್ತಾಗಿದೆ, ಒಬ್ಬರ ದೂರು ವಾಪಸಾದರೆ ಅದು ನಿಲ್ಲುವುದಿಲ್ಲ, ಬೇರೆಯವರ ಸಹಿಗಳಿವೆ ಎಂದ. ಪೊಲೀಸರಿಗೂ ಹೇಳಿದೆ, ಆದರೆ ಬಾಡಿಗೆದಾರ ತಾನಾಗಿ ‘ಇವರು ಬೇಡ’ ಎನ್ನಬೇಕು; ಎರಡು ಸಲ ಹೋದಾಗಲೂ ಸ್ನೇಹಿತರು ಎಂದೇ ಹೇಳಿದ್ದಾನೆ ಎಂದ.

“ಅವನು ಹಾಗಂದಾಗ ಬಾಗಿಲ ಹಿಂದೆ ಇನ್ಯಾರು ನಿಂತಿದ್ರು ಅಂತ ನೋಡಿದ್ರಾ?”

“ಒಳಗೆ ನುಗ್ಗೋ ಹಾಗಿಲ್ಲ ಮಿಸೆಸ್ ಗೆಡ್ಡಿಸ್. ನಿಮಗೇ ಗೊತ್ತಲ್ಲ.”

“ಸರಿ. ಅವನನ್ನೇ ಆಚೆ ಕರ್ಕೊಂಡ್ಬರ್ತೀನಿ. ಆಗ ಬಂದು ಕೇಳಿಸ್ಕೊಳ್ಳಿ.”

ದೂರು ವಾಪಸು ತೆಗೆದುಕೊಳ್ಳಿ, ಸೋಮವಾರದಿಂದ ಎಲ್ಲರೂ ಸೇರಿ ಬಿಡುವಿಲ್ಲದೆ ಮೆಟ್ಟಿಲು ತೊಳೆಯೋಣ ಎಂದು ಆಕೆ ಮನೆಮನೆಗೂ ಹೋಗಿ ಕೇಳಿದಳು. ಎಲ್ಲಕ್ಕಿಂತ ಕಷ್ಟದ ಬಾಗಿಲು ನೆಟ್ಟಾಳದ್ದು. ಅವಳು ಇಶ್‌ಬೆಲ್‌ಳನ್ನು ಒಳಗೆ ಕರೆಯಲಿಲ್ಲ, ಹೊಸ್ತಿಲಲ್ಲೇ ನಿಲ್ಲಿಸಿ ಮಾತಾಡಿದಳು. ಎಲ್ಲರನ್ನೂ ದೂರಿಗೆ ಎಬ್ಬಿಸಿದವಳು ನೀನು, ಈಗ ವಾಪಸು ತಗೋ ಎನ್ನುವವಳೂ ನೀನೇ ಎಂದಳು. ತನ್ನ ಮೊಮ್ಮಗಳು ಈ ಮನೆಗೆ ಬಾರದೆ ತಿಂಗಳುಗಳೇ ಆದವು ಎಂದಳು.

“ಆ ಸೂಜಿ ನಿನ್ನ ಮೊಮ್ಮಗಳ ಕೈಲಿದ್ದಿದ್ರೆ ಹೀಗೆ ಮಾತಾಡ್ತಿದ್ಯಾ ನೀನು?”

“ಇಲ್ಲ,” ಎಂದಳು ಇಶ್‌ಬೆಲ್. “ನಿನಗಿಂತ ಜೋರಾಗಿ ಕೂಗಾಡ್ತಿದ್ದೆ. ಆದ್ರೂ ಸೂಜಿ ಎಸೆದೋನು ಆರ್ಚಿ ಅಲ್ಲ ಕಣೇ. ಅವನು ಬಾತ್‌ಟಬ್ಬಲ್ಲಿ ಮಲಗ್ತಿದಾನೆ. ಅವನನ್ನ ಓಡ್ಸಿದ್ರೆ ಅವನು ಬೀದಿಗೆ, ಅವರು ಇನ್ನೊಂದು ಒಂಟಿ ಮನೆಗೆ. ನಾವು ಚೀಟಿ ನಿಲ್ಲಿಸಿ ಶಿಕ್ಷೆ ಕೊಟ್ವಿ ಅನ್ಕೊಂಡ್ವಲ್ಲ, ಆ ಬಾಗಿಲನ್ನ ಹೊರಗಿಂದ ತಟ್ಟೋರು ನಾವಷ್ಟೇ ಇದ್ದಿದ್ದು. ಅದನ್ನೂ ನಿಲ್ಲಿಸಿದ್ವಿ. ನಾಳೆ ನಿನ್ನ ಹ್ಯೂಯಿಗೆ ಏನಾದ್ರೂ ಆಗಿ ನೀನೊಬ್ಬಳೇ ಉಳಿದ್ರೆ—”

ಒಳಗಿನಿಂದ ನೆಟ್ಟಾಳ ಗಂಡ ಹ್ಯೂಯಿಯ ದನಿ ಬಂತು. “ಇಶ್‌ಬೆಲ್, ನಾನಿನ್ನೂ ಇದೀನಿ. ಟೀ ಕುಡ್ದಾದ್ಮೇಲೆ ಸಾಯಿಸು.”

ನೆಟ್ಟಾಳಿಗೆ ನಗು ಬಂತು, ಬಂದದ್ದಕ್ಕೆ ಸಿಟ್ಟೂ ಬಂತು. ಮೆಟ್ಟಿಲು ಹೇಸಿಗೆಯಾಗಿದೆ, ಅದಕ್ಕೆ ಬೇಕಾದರೆ ತೊಳೆಯುತ್ತೇನೆ, ಅವನಿಗೋಸ್ಕರ ಅಲ್ಲ ಎಂದಳು. ಸಹಿಯ ಮಾತು ಆಮೇಲೆ ನೋಡೋಣ ಎಂದಳು. ಇಶ್‌ಬೆಲ್‌ಗೆ ಸದ್ಯಕ್ಕೆ ಅಷ್ಟು ಸಾಕಾಗಿತ್ತು.

ಸೋಮವಾರ ಬೆಳಗ್ಗೆ ಶುರುವಾಯಿತು. ಒಬ್ಬರು ಒಂದು ಸಾಲು, ಇನ್ನೊಬ್ಬರು ಇನ್ನೊಂದು; ಒಬ್ಬರು ಊಟಕ್ಕೆ ಹೋದರೆ ಮತ್ತೊಬ್ಬರು ಅದೇ ಬಟ್ಟೆ ಹಿಡಿದು ಮುಂದುವರಿಸುವುದು. ಬಿಸಿನೀರು, ಸೋಡ, ಪೈನ್ ವಾಸನೆಯ ಔಷಧಿ. ತೊಳೆದದ್ದನ್ನೇ ಮತ್ತೆ ತೊಳೆಯುವುದು. ಫೆಬ್ರವರಿಯಲ್ಲಿ ನಮ್ಮ ನದಿಯ ಗಾಳಿಗೆ ಕಲ್ಲು ಒಣಗಬೇಕಾದರೆ ತಾನಾಗಿ ಅರ್ಧ ದಿನ ಬೇಕು. ನಾವು ಅದಕ್ಕೆ ಅಷ್ಟು ಬಿಡುವು ಕೊಡಲಿಲ್ಲ.

ಮಾಲು ಕೊಳ್ಳಲು ಬಂದ ಮೊದಲನೆಯವನು ಕೆಳಬಾಗಿಲಲ್ಲೇ ನಿಂತುಬಿಟ್ಟ. ಮೊದಲ ಮೆಟ್ಟಿಲಿನಲ್ಲಿ ನೆಟ್ಟಾ, ತಿರುವಿನಲ್ಲಿ ಮೊಣಕಾಲ ಕೆಳಗೆ ದಿಂಬು ಹಾಕಿಕೊಂಡು ಇಶ್‌ಬೆಲ್.

“ಒದ್ದೆ ಇದೆ ಮಗಾ. ಒಣಗೋ ತನಕ ನಿಲ್ಲು,” ಎಂದಳು ನೆಟ್ಟಾ.

ಇಶ್‌ಬೆಲ್ ಕತ್ತೆತ್ತಿ ನೋಡಿದಳು. “ಗಾರ್ಡನ್ ಅಲ್ವೇನೋ ನೀನು? ಕ್ಯಾರೆಟ್ ಜೇಬಿಗೆ ಹಾಕ್ಕೋತಿದ್ದೆ. ಅಮ್ಮ ಚೆನ್ನಾಗಿದಾರಾ? ಯಾರ ಮನೆಗೆ ಬಂದೆ?”

ಗಾರ್ಡನ್‌ಗೆ ಮೂವತ್ತು ದಾಟಿತ್ತು. ಯಾರ ಮನೆಗೂ ಅಲ್ಲ ಎಂದು ಹೇಳಿ ಹೊರಟುಹೋದ. ಹೀಗೇ ಒಬ್ಬೊಬ್ಬರಾಗಿ ಬಂದರು. ಆಕೆ ಯಾರಿಗೂ ಬೈಯಲಿಲ್ಲ, ಪೊಲೀಸರ ಹೆಸರೆತ್ತಲಿಲ್ಲ. ಹೆಸರು ಹಿಡಿದು ಕರೆದಳು, ಮನೆಯವರನ್ನು ವಿಚಾರಿಸಿದಳು, ಒಣಗುವ ತನಕ ನಿಲ್ಲಲು ಹೇಳಿದಳು. ತೀರ ಬಡಕಲಾಗಿದ್ದ ಒಬ್ಬಳನ್ನು ಮಾತ್ರ ಒಳಗೆ ಕೂರಿಸಿ ಬೇಳೆ ಸೂಪ್ ಕುಡಿಸಿ ಕಳಿಸಿದಳು. ಒದ್ದೆ ಮೆಟ್ಟಿಲು ತುಳಿಯಬಾರದೆಂಬುದು ಈ ಊರಿನಲ್ಲಿ ಹುಟ್ಟಿದ ಪ್ರತಿಯೊಬ್ಬರಿಗೂ ನಡೆಯಲು ಕಲಿಯುವಾಗಲೇ ಬಂದ ಅಭ್ಯಾಸ. ಬೇರೆ ಯಾವ ಕಾನೂನಿಗೂ ಹೆದರದವರು ಇದೊಂದಕ್ಕೆ ಹಿಂದೆಗೆದರು. ವಾರ ಮುಗಿಯುವಷ್ಟರಲ್ಲಿ ಬರುವವರು ವಿರಳವಾದರು.

ವ್ಯಾಪಾರ ನಿಂತರೆ ಬ್ರಾಡಿ ಕೆಳಗೆ ಬರಲೇಬೇಕಿತ್ತು, ಬಂದ. ಇಶ್‌ಬೆಲ್‌ಳ ಬಕೆಟನ್ನು ಕಾಲಿನಿಂದ ಒದ್ದ. ಅದು ಗಡಗಡ ಉರುಳಿ ಕೆಳಬಾಗಿಲಿಗೆ ಬಡಿಯಿತು. ಇನ್ನೊಮ್ಮೆ ಇಲ್ಲಿ ಕಂಡರೆ ಬಕೆಟ್ ಅಲ್ಲ ನೀನೇ ಉರುಳುತ್ತೀಯ ಎಂದ. ಆಕೆ ಮೆಟ್ಟಿಲ ಕಂಬಿ ಹಿಡಿದು ಎದ್ದು, ನಿಧಾನವಾಗಿ ಇಳಿದು ಬಕೆಟ್ ತಂದು, ಒಳಗೆ ಹೋಗಿ ತುಂಬಿಸಿಕೊಂಡು ಬಂದು, ಅವನ ಕಾಲ ಬಳಿಯೇ ಮತ್ತೆ ಮೊಣಕಾಲೂರಿದಳು.

“ಬೂಟೆತ್ತು,” ಎಂದಳು. “ಅದರ ಕೆಳಗೆ ತೊಳೀಬೇಕು.”

ಮರುದಿನ ಬೆಳಗ್ಗೆ ನೋಡಿದರೆ ಆಕೆಯ ಮುಂಗೋಣೆಯ ಕಿಟಕಿ ಕಲ್ಲೇಟಿಗೆ ಒಡೆದಿತ್ತು. ಇಷ್ಟಕ್ಕೆ ಬಿಟ್ಟುಬಿಡೋಣ ಎಂದು ನಾವು ಹೇಳಿದೆವು. ನಿಜವಾಗಿ ಹೆದರಿದ್ದೆವು. ಆಕೆಯೂ ಹೆದರಿದ್ದಳು. ಹ್ಯೂಯಿ ಹಲಗೆ ತಂದು ಕಿಟಕಿಗೆ ಬಡಿದ. ಅವನು ಮೊಳೆ ಹೊಡೆಯುವ ತನಕ ಕುಳಿತಿದ್ದು, ಆಮೇಲೆ ಇಶ್‌ಬೆಲ್ ಸ್ಕಾರ್ಫ್ ಬಿಗಿದುಕೊಂಡು ಎದ್ದಳು. ಬಕೆಟ್ ತೆಗೆದುಕೊಳ್ಳಲು ಹೋದರೆ ಅದು ಅಲ್ಲಿರಲಿಲ್ಲ. ನೆಟ್ಟಾ ಅದನ್ನು ಆಗಲೇ ತುಂಬಿಸಿಕೊಂಡು ತಿರುವಿನಲ್ಲಿ ಕೂತಿದ್ದಳು, ಇಶ್‌ಬೆಲ್‌ಳ ದಿಂಬಿನ ಮೇಲೆ.

ಇನ್ನು ನಿವನ್‌ನನ್ನು ಕರೆಸುವುದು ಉಳಿದಿತ್ತು. ಆರ್ಚಿಯ ವಿಷಯಕ್ಕೆ ಎಂದರೆ ಅವನು ವಿಚಾರಣೆಯ ದಿನ ಬರುತ್ತೇನೆ ಎನ್ನುತ್ತಿದ್ದ. ಆದ್ದರಿಂದ ಇಶ್‌ಬೆಲ್ ಬೇರೆ ದೂರು ಕೊಟ್ಟಳು: ಮೆಟ್ಟಿಲಿಗೆ ತೇವ ಹಿಡಿದಿದೆ, ಎಷ್ಟು ದಿನವಾದರೂ ಒಣಗುತ್ತಿಲ್ಲ, ವಯಸ್ಸಾದವರು ಜಾರಿ ಬೀಳಬಹುದು. ಅದರಲ್ಲಿ ಒಂದಕ್ಷರವೂ ಸುಳ್ಳಿರಲಿಲ್ಲ. ತೇವದ ದೂರನ್ನು ಕೌನ್ಸಿಲ್ ತಳ್ಳಿಹಾಕುವ ಹಾಗಿಲ್ಲ. ಶುಕ್ರವಾರ ಬೆಳಗ್ಗೆ ನಿವನ್ ತೇವ ಅಳೆಯುವ ಯಂತ್ರ ಹಿಡಿದು ಬಂದ. ನೆಟ್ಟಾ ಅವನನ್ನು ನಡುವಿನ ಅಂತಸ್ತಿನ ತನಕ ಗೋಡೆಯ ಅಂಚಿಗೇ ನಡೆಸಿಕೊಂಡು ಬಂದು ನಿಲ್ಲಿಸಿದಳು. ಮುಂದಕ್ಕೆ ಒದ್ದೆ ಇದೆ, ಇಲ್ಲೇ ನಿಲ್ಲಿ ಎಂದಳು. ಅಲ್ಲಿಂದ ಕಂಬಿಗಳ ನಡುವೆ ಆರ್ಚಿಯ ಬಾಗಿಲು ಪೂರ್ತಿ ಕಾಣುತ್ತದೆ, ಬಾಗಿಲಲ್ಲಿ ನಿಂತವರಿಗೆ ಬಗ್ಗಿ ನೋಡದ ಹೊರತು ಕೆಳಗೆ ನಿಂತವರು ಕಾಣುವುದಿಲ್ಲ.

ಇಶ್‌ಬೆಲ್ ಮೇಲೆ ಹತ್ತಿದಳು. ಆರ್ಚಿಯ ಬಾಗಿಲಿನ ಹಿಡಿಗೆ ಚೀಟಿ ನೇತುಹಾಕಿ ತಟ್ಟಿದಳು. ಪದ್ಧತಿಯ ಪ್ರಕಾರ ತಟ್ಟಿ ಹೊರಟುಬಿಡಬೇಕು. ಅಂದು ಆಕೆ ಹೊರಡಲಿಲ್ಲ.

ಬ್ರಾಡಿ ಬಾಗಿಲು ತೆಗೆದ.

“ಆರ್ಚಿಗೆ ಚೀಟಿ ಬಂದಿದೆ,” ಎಂದಳು. ಊಟದ ಮನೆಯ ದನಿ ಅದು. ಒಳಗಿನ ಕೋಣೆಗಳಿಗೆ ಮುಟ್ಟಬೇಕಾಗಿತ್ತು. “ಈ ವಾರ ಅವನ ಸರದಿ.”

“ಅವನಿಲ್ಲ.”

“ಹಾಗಾದ್ರೆ ನೀನು ತೊಳಿ. ಈ ಮನೆ ಬಾಡಿಗೆದಾರ ನೀನಾ? ಹೆಸರು ಹೇಳು, ಚೀಟಿ ನಿನ್ನ ಕೈಗೇ ಕೊಡ್ತೀನಿ.”

“ಮುದುಕಿ, ಕಿಟಕಿಗೆ ಗಾಜು ಹಾಕ್ಸಿದ್ಯಾ? ಇನ್ನೂ ಎಷ್ಟು ಕಿಟಕಿ ಇದೆ ನಿನ್ಹತ್ರ?”

“ಮೂರಿದೆ. ಬಿಡುವಾದಾಗ ಬಾ.”

ಅವನ ಹಿಂದೆ, ಕತ್ತಲೆಯ ನಡುಮನೆಯಲ್ಲಿ, ಬಕೆಟ್ಟಿನ ಹಿಡಿ ಕಿರುಗುಟ್ಟಿದ್ದು ಕೇಳಿಸಿತು. ಆರ್ಚಿ ಬಂದ. ಒಂದು ಕೈಯಲ್ಲಿ ಬಕೆಟ್, ಇನ್ನೊಂದರಲ್ಲಿ ತಾಯಿಯ ಡಬ್ಬಿ. ಬ್ರಾಡಿ ಅವನ ಭುಜದ ಮೇಲೆ ಕೈಯಿಟ್ಟ.

“ಚೀಟಿ ಬಂದಿದೆ,” ಎಂದ ಆರ್ಚಿ ನೆಲ ನೋಡುತ್ತ. “ಹೋಗ್ಲೇಬೇಕು.”

ಆಗ ಎದುರು ಬಾಗಿಲು ತೆರೆಯಿತು. ರಾತ್ರಿ ಪಾಳಿ ಮುಗಿಸಿ ಬಂದಿದ್ದ ಅಡಾ ಕೆಲಸದ ಸಮವಸ್ತ್ರದಲ್ಲೇ, ಕೈಯಲ್ಲಿ ನೆಲ ಒರೆಸುವ ಕೋಲು ಹಿಡಿದು ಹೊರಬಂದು ಇಶ್‌ಬೆಲ್‌ಳ ಪಕ್ಕ ನಿಂತಳು. ಕೆಳಗಿನ ಮೆಟ್ಟಿಲುಗಳಲ್ಲಿ ಹ್ಯೂಯಿ, ನಾವು, ಎದ್ದುನಿಂತೆವು. ಬ್ರಾಡಿ ಕೈ ತೆಗೆದ. ಆರ್ಚಿ ಹೊಸ್ತಿಲು ದಾಟಿ ಮೇಲಿನ ಮೆಟ್ಟಿಲಿನಲ್ಲಿ ಮೊಣಕಾಲೂರಿದ.

“ಇವರು ನಿನ್ನ ಮನೇಲಿರೋದು ನಿಂಗೆ ಬೇಕೇನೋ ಆರ್ಚಿ?” ಎಂದು ಇಶ್‌ಬೆಲ್ ಕೇಳಿದಳು.

ಅವನು ಬಟ್ಟೆ ಅದ್ದಿದ, ಹಿಂಡಿದ, ಮೆಟ್ಟಿಲನ್ನು ಒಂದು ಕೊನೆಯಿಂದ ಇನ್ನೊಂದು ಕೊನೆಗೆ ಒರೆಸಿದ. ಇನ್ನೊಮ್ಮೆ ಅದ್ದಿದ. ಉತ್ತರ ಬರುವುದೋ ಇಲ್ಲವೋ ನಮಗೆ ಗೊತ್ತಿರಲಿಲ್ಲ. ಅದು ಬಾರದಿದ್ದರೆ ಈಸ್ಟರ್ ಆದ ಮೇಲೆ ಆ ಮನೆ ಅವನದಾಗಿ ಉಳಿಯುತ್ತಿರಲಿಲ್ಲ.

“ಬೇಡ,” ಎಂದ.

ಕೆಳಗಿನಿಂದ ನಿವನ್ ಕೇಳಿದ, “ಏನಂದ್ರಿ ಮಿಸ್ಟರ್ ಟಲ್ಲಕ್?”

ಬ್ರಾಡಿ ಕಂಬಿಯ ಮೇಲೆ ಬಗ್ಗಿ, ಅಲ್ಲಿ ಯಾರಿದ್ದಾರೆಂದು ಆಗ ನೋಡಿದ.

“ಬೇಡ ಅಂದೆ. ಯಾವತ್ತೂ ಬೇಡಾಗಿತ್ತು. ಅಮ್ಮನ ರೂಮು ಬಿಟ್ಕೊಟ್ಟು ಹೋಗ್ಲಿ.”

ನಿವನ್ ಮುಂದಕ್ಕೆ ಒಂದು ಹೆಜ್ಜೆ ಇಟ್ಟ. ಒದ್ದೆ ಇದೆ ಎಂದಳು ನೆಟ್ಟಾ. ಅವನು ನಿಂತಲ್ಲಿಂದಲೇ ಪೊಲೀಸರಿಗೆ ಫೋನ್ ಮಾಡಿದ. ಬ್ರಾಡಿಗೂ ಅವನ ಜೊತೆಗಾರರಿಗೂ ಅಷ್ಟು ಕಾಯುವ ಮನಸ್ಸಿರಲಿಲ್ಲ. ಕೈಗೆ ಸಿಕ್ಕಿದ್ದನ್ನು ಚೀಲಕ್ಕೆ ತುಂಬಿಕೊಂಡು ನಮ್ಮ ನಡುವೆಯೇ ಇಳಿದುಹೋದರು. ಬೂಟಿನ ಗುರುತುಗಳು ಮೇಲಿನಿಂದ ಕೆಳಬಾಗಿಲಿನ ತನಕ ಬಿದ್ದವು. ಆರ್ಚಿ ಅವರ ಹಿಂದೆಯೇ ಒಂದೊಂದು ಗುರುತನ್ನೂ ಒರೆಸುತ್ತ ಇಳಿದ. ಕೆಳಬಾಗಿಲು ಮುಟ್ಟಿದ ಮೇಲೆ ಮತ್ತೆ ಮೇಲೆ ಹೋಗಿ, ಗೋಡೆಯ ಮೇಲಿನ ಗೀಚು ನೋಡಿ ಹಿಂದೆ ಗೆರೆ ಮುರಿದ ಮೆಟ್ಟಿಲನ್ನು ಹುಡುಕಿ, ಅಲ್ಲಿಂದ ಮುಂದಕ್ಕೆ ಎಳೆಯತೊಡಗಿದ. ನಿವನ್ ಆ ಕೆಲಸ ಮುಗಿಯುವ ತನಕ ಕಾದ, ಒಣಗುವ ತನಕ ಕಾದ, ಆಮೇಲೆ ಮೇಲೆ ಹೋಗಿ ಅವನ ಮಾತನ್ನು ಮೊದಲಿನಿಂದ ಕೇಳಿದ.

ಹೊಸ ಬೀಗ ಅದೇ ದಿನ ಬಂತು. ನೋಟಿಸ್ ರದ್ದಾಗಲು ಇನ್ನೂ ಕೆಲವು ವಾರ ಹಿಡಿಯಿತು. ಸಹಿ ವಾಪಸು ಪಡೆದವರಲ್ಲಿ ನೆಟ್ಟಾ ಕೊನೆಯವಳು. ಆದರೆ ಅದಕ್ಕೂ ಮೊದಲೇ, ಆ ವಾರದ ಕೊನೆಗೆ, ಆರ್ಚಿ ಚೀಟಿಯನ್ನು ಅವಳ ಬಾಗಿಲಿಗೆ ನೇತುಹಾಕಿ ತಟ್ಟಿದ್ದ. ಅವಳು ಹೊರಗೆ ಬಂದು ಮೆಟ್ಟಿಲನ್ನು ಮೇಲಿನ ತನಕ ಹತ್ತಿ ನೋಡಿ ಇಳಿದು, ಎರಡನೆಯ ಮೆಟ್ಟಿಲಲ್ಲಿ ಗೆರೆ ವಾರೆಯಾಗಿದೆ ಎಂದಳು. ಆರ್ಚಿ ಗಾಬರಿಯಿಂದ ಹಿಂದಿರುಗಲು ಹೊರಟ. ಅವನ ತೋಳು ಹಿಡಿದು ಒಳಗೆ ಕೂರಿಸಿ, ಖೀಮ ಆಲೂಗಡ್ಡೆ ಬಡಿಸಿದಳು.

ಒಡೆದ ಕಿಟಕಿಗೆ ಹೊಸ ಗಾಜು ಹಾಕಿಸುವುದಕ್ಕೆ ಮುಂಚೆಯೇ ಇಶ್‌ಬೆಲ್‌ಗೆ ಸುದ್ದಿ ಸಿಕ್ಕಿತು. ಗುಡ್ಡದ ಮೇಲಿನ ಕೌನ್ಸಿಲ್ ಕಟ್ಟಡದಲ್ಲಿ ಒಂಟಿಯಾಗಿರುವ ಒಬ್ಬ ಹೆಂಗಸಿನ ಮನೆಗೆ ಬ್ರಾಡಿ ಹೋಗಿಬರುತ್ತಿದ್ದಾನೆ. ಸುದ್ದಿ ತಂದವನು ಗಾರ್ಡನ್, ಕ್ಯಾರೆಟ್ಟಿನವನು. ಆಕೆ ನಿವನ್‌ಗೆ ಫೋನ್ ಮಾಡಿ ಹೇಳಿದಳು. ನಿವನ್ ಈ ಸಲ ಕೂಡಲೇ ಬರುತ್ತೇನೆ ಎಂದ. ಆದರೂ ಆಕೆ ಕೋಟು ಹಾಕಿಕೊಂಡು ಬಕೆಟ್ ಎತ್ತಿಕೊಂಡಳು.

“ಆ ಮೆಟ್ಟಿಲು ನಮ್ದಲ್ಲ ಕಣೇ,” ಎಂದಳು ನೆಟ್ಟಾ ತನ್ನ ಬಾಗಿಲಲ್ಲಿ ನಿಂತು. “ಅಲ್ಲಿಯೋರು ಚೀಟಿ ಕೂಡ ಇಟ್ಕೊಂಡಿಲ್ಲ, ಎಷ್ಟೋ ವರ್ಷ ಆಯ್ತು ಬಿಟ್ಟು.”

“ಗೊತ್ತು,” ಎಂದಳು ಇಶ್‌ಬೆಲ್. ಕೋಟಿನ ಜೇಬಿನಿಂದ ಹೊಸ ರಟ್ಟಿನ ಚೀಟಿ ಇಣುಕುತ್ತಿತ್ತು, ದಾರ ಕಟ್ಟಿದ್ದು.

ನೆಟ್ಟಾ ಒಳಗೆ ಹೋದಳು. ಹ್ಯೂಯಿಗೆ ಸೂಪ್ ಒಲೆಯ ಮೇಲಿದೆ ಎಂದು ಕೂಗಿ ಹೇಳಿದ್ದು ಕೇಳಿಸಿತು. ಅವಳು ದಿಂಬು ಹಿಡಿದು ಹೊರಬರುವಷ್ಟರಲ್ಲಿ ಆರ್ಚಿ ಮೇಲಿನಿಂದ ಇಳಿದು ಬಂದಿದ್ದ, ಕಂಕುಳಲ್ಲಿ ಡಬ್ಬಿ. ಮೂವರೂ ಗುಡ್ಡದ ದಾರಿ ಹಿಡಿದರು. ಏರು ಶುರುವಾಗುವ ಕಡೆ ಇಶ್‌ಬೆಲ್ ನಿಂತು, ಎಡಮೊಣಕಾಲು ನೀವಿಕೊಂಡು, ಬಕೆಟನ್ನು ಬಲಗೈಗೆ ಬದಲಾಯಿಸಿಕೊಂಡಳು.